‘ಆರೋಪ ತಳ್ಳಿಹಾಕಿದ ಸರ್ಕಾರ’: ಇಷ್ಟೊಂದು ಬಗೆಯ ಉತ್ತರಕ್ಕೆ ಒಂದೇ ಮಾತು ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಜನಾಂಗೀಯ ತಾರತಮ್ಯ ನಡೆದಿದೆ ಅಂತ ಒಂದು ದೇಶದ ಮೇಲೆ ವಿಶ್ವಸಂಸ್ಥೆಯ ಸಮಿತಿಗೋ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೋ ದೂರು ಹೋಗುತ್ತದೆ. ಆ ಸರ್ಕಾರ ಏನೇ ಉತ್ತರ ಕೊಡಲಿ, ಕನ್ನಡದಲ್ಲಿ ನಾವು ಬರೆಯುವುದು ಹೆಚ್ಚಾಗಿ ಒಂದೇ ಮಾತು: ‘ಸರ್ಕಾರ ಆರೋಪವನ್ನು ತಳ್ಳಿಹಾಕಿತು.’ ಇದು ಸಾಲದು ಅನ್ನುವುದು ನನ್ನ ಅನಿಸಿಕೆ.

ಮೊದಲ ತೊಡಕು ಇದು. ಅರ್ಜಿ ತಳ್ಳಿಹಾಕುವುದು ನ್ಯಾಯಾಲಯದ ಕೆಲಸ. ಇಲ್ಲಿ ಸರ್ಕಾರವೇ ಆರೋಪಿ. ‘ದೂರು ತಳ್ಳಿಹಾಕಿದ ಸರ್ಕಾರ’ ಅಂತ ಓದಿದವರಿಗೆ ವಿಷಯ ಅಲ್ಲಿಗೇ ಮುಗಿಯಿತು ಅನ್ನಿಸುತ್ತದೆ. ನಿಜಕ್ಕೂ ಅದು ಶುರುವಾಗಿರುತ್ತದೆ ಅಷ್ಟೆ.

ಜನಾಂಗೀಯ ತಾರತಮ್ಯದ ವಿರುದ್ಧದ ಒಪ್ಪಂದ 1965ರದ್ದು. ಅದರ 14ನೇ ವಿಧಿಯನ್ನು ಬೇರೆಯಾಗಿ ಒಪ್ಪಿಕೊಂಡ ದೇಶಗಳ ಮೇಲೆ ಮಾತ್ರ ಒಬ್ಬ ವ್ಯಕ್ತಿ ಈ ಒಪ್ಪಂದದ ಪಾಲನೆ ನೋಡುವ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಬಹುದು. ಸಮಿತಿ ತಿಳಿಸಿದ ಮೂರು ತಿಂಗಳೊಳಗೆ ಸರ್ಕಾರ ಬರಹದಲ್ಲಿ ವಿವರಣೆ ಕೊಡಬೇಕು. ಆಮೇಲೆ ಎರಡು ಪ್ರಶ್ನೆ ಬರುತ್ತವೆ. ಈ ದೂರನ್ನು ಕೇಳಬಹುದೇ? ಕೇಳಬಹುದಾದರೆ, ತಾರತಮ್ಯ ನಡೆದಿದೆಯೇ? ಎಷ್ಟೋ ಸರ್ಕಾರಗಳು ತಮ್ಮ ಬಲವನ್ನೆಲ್ಲ ಮೊದಲ ಪ್ರಶ್ನೆಗೇ ಹಾಕುತ್ತವೆ.

ರೋಮಾ ಅನ್ನುವ ಅಲ್ಪಸಂಖ್ಯಾತ ಸಮುದಾಯದ ಒಬ್ಬ ವ್ಯಕ್ತಿಯನ್ನು ಡಿಸ್ಕೋ ಒಳಗೆ ಬಿಡದಿದ್ದ ದೂರಿನಲ್ಲಿ ಸರ್ಬಿಯಾ ಮತ್ತು ಮಾಂಟೆನೆಗ್ರೊ (ಆಗ ಎರಡೂ ಸೇರಿ ಒಂದೇ ದೇಶ) ಹೀಗೇ ಮಾಡಿತು. ನಮ್ಮಲ್ಲೇ ಇರುವ ಕಾನೂನಿನ ದಾರಿಗಳು ಇನ್ನೂ ಮುಗಿದಿಲ್ಲ ಅಂದಿತು. ಘಟನೆ 2000ದ್ದು. ಇಷ್ಟು ವರ್ಷ ಎಳೆದ ಮೇಲೆ ಆ ಮಾತು ನಡೆಯದು ಅಂತ ಸಮಿತಿ ದೂರನ್ನು ಕೇಳಿ, 2006ರಲ್ಲಿ ದೂರುದಾರರ ಪರವಾಗಿ ಅಭಿಪ್ರಾಯ ಕೊಟ್ಟಿತು. (ಸಮಿತಿ ಕೊಡುವುದು ಅಭಿಪ್ರಾಯ ಮತ್ತು ಶಿಫಾರಸು. ಅದನ್ನು ‘ತೀರ್ಪು’ ಅಂತ ಬರೆಯುವುದೂ ತಪ್ಪೇ.)

ಆಸ್ಟ್ರೇಲಿಯಾದ್ದು ಬೇರೆಯೇ ಕಥೆ. ಟುವೂಂಬಾ ಊರಿನ ಕ್ರೀಡಾಂಗಣದ ಒಂದು ಸ್ಟ್ಯಾಂಡ್‌ಗೆ ಹಳೆಯ ರಗ್ಬಿ ಆಟಗಾರರೊಬ್ಬರ ಹೆಸರಿತ್ತು. ಆ ಹೆಸರಿನಲ್ಲಿ ಅವರ ಅಡ್ಡಹೆಸರೂ ಇತ್ತು. ಅದು ಕಪ್ಪು ಜನರನ್ನು ಹೀಯಾಳಿಸುವ ಪದ. ಆದಿವಾಸಿ ಸಮುದಾಯದ ಒಬ್ಬರು ಅದನ್ನು ತೆಗೆಸಿ ಅಂತ ದೂರಿದರು. ಫಲಕ ಇದ್ದದ್ದನ್ನು ಸರ್ಕಾರ ಇಲ್ಲ ಅನ್ನುವ ಹಾಗೇ ಇರಲಿಲ್ಲ, ಅದು ಕಣ್ಣೆದುರೇ ಇತ್ತಲ್ವಾ? ಸರ್ಕಾರ ಹೇಳಿದ್ದು, ಇದು ಆಟಗಾರನಿಗೆ ಕೊಟ್ಟ ಗೌರವ, ಯಾರನ್ನೂ ಅವಮಾನಿಸುವ ಉದ್ದೇಶ ಇಲ್ಲ ಅಂತ. ಹಿಂದೆ ಹೇಗೇ ಇದ್ದಿರಲಿ, ಇವತ್ತು ಆ ಪದ ನೋವು ಕೊಡುತ್ತದೆ, ತೆಗೆಯಿರಿ ಅಂತ ಸಮಿತಿ 2003ರಲ್ಲಿ ಹೇಳಿತು. ಸ್ಟ್ಯಾಂಡ್ ಉರುಳಿದ್ದು 2008ರಲ್ಲಿ. ಉದ್ದೇಶದ ಮಾತನ್ನು ಮುಂದಿಟ್ಟು ಪರಿಣಾಮವನ್ನು ಮರೆಸುವ ಈ ಉತ್ತರ ತುಂಬ ಹಳೆಯದು, ತುಂಬ ಬಳಕೆಯಲ್ಲಿರುವುದು. ಇದನ್ನು ‘ತಳ್ಳಿಹಾಕಿತು’ ಅಂದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ತನ್ನ ಪ್ರಜೆಗಳ ಮೇಲೆ ತಾರತಮ್ಯ ನಡೆದಿದೆ ಅಂತ ಕತಾರ್ ಹೂಡಿದ ಮೊಕದ್ದಮೆಯಲ್ಲಿ ಯುಎಇಯ ಒಂದು ವಾದ ಇನ್ನೊಂದು ಥರದ್ದು. ಒಪ್ಪಂದ ಹೇಳುವುದು ರಾಷ್ಟ್ರೀಯ ಮೂಲದ ಬಗ್ಗೆ, ಈಗಿನ ಪೌರತ್ವದ ಬಗ್ಗೆ ಅಲ್ಲ ಅಂತ. ಅಂತರರಾಷ್ಟ್ರೀಯ ನ್ಯಾಯಾಲಯ 2021ರಲ್ಲಿ ಅದನ್ನು ಒಪ್ಪಿತು. ಅಲ್ಲಿಗೆ ಮೊಕದ್ದಮೆ ಮುಗಿಯಿತು. ತಾರತಮ್ಯ ನಡೆಯಿತೋ ಇಲ್ಲವೋ ಅನ್ನುವುದನ್ನು ನ್ಯಾಯಾಲಯ ಹೇಳಲೇ ಇಲ್ಲ. ಇಂಥದ್ದನ್ನು ‘ಯುಎಇ ನಿರ್ದೋಷಿ’ ಅಂತ ಬರೆದರೆ ಸುಳ್ಳಾಗುತ್ತದೆ.

ಹಾಗಾಗಿ ನನ್ನ ಸಲಹೆ: ಘಟನೆಯೇ ನಡೆದಿಲ್ಲ ಅಂದರೆ ‘ಅಲ್ಲಗಳೆಯಿತು’. ನಡೆದದ್ದು ತಪ್ಪಲ್ಲ ಅಂದರೆ ‘ಸಮರ್ಥಿಸಿಕೊಂಡಿತು’. ದೂರನ್ನು ಕೇಳಲೇಬಾರದು ಅಂದರೆ ‘ತಕರಾರು ಎತ್ತಿತು’, ಜೊತೆಗೆ ಯಾವುದಕ್ಕೆ ತಕರಾರು ಅಂತ ಒಂದು ಮಾತು.

ಸಿಕ್ಕಿಕೊಂಡಿರುವುದು ಇನ್ನೊಂದು ಕಡೆ. ಸಮಿತಿ ದೂರನ್ನು ಕೇಳಲು ಒಪ್ಪಿದ ಹಂತಕ್ಕೆ ‘ದೂರು ಅಂಗೀಕಾರಾರ್ಹ’ ಅಂತ ಬರೆಯುವ ರೂಢಿ ಇದೆ. ಓದಿದವರು ದೂರು ನಿಜ ಅಂತ ಸಾಬೀತಾಯಿತು ಅಂದುಕೊಳ್ಳುತ್ತಾರೆ. ‘ವಿಚಾರಣೆಗೆ ಎತ್ತಿಕೊಂಡಿತು’ ಸಾಕೇ? ಕೋರ್ಟು ಕಚೇರಿಯ ಕನ್ನಡ ಬಲ್ಲವರು ಇದ್ದೀರಿ. ವಕೀಲರ ಬಾಯಲ್ಲಿ ಓಡಾಡುವ ಇನ್ನೂ ಚಿಕ್ಕ ಪದ ಇದ್ದರೆ, ಬಳಸಿದ ವಾಕ್ಯದ ಸಮೇತ ತಿಳಿಸಿ.