ಸಹಾಯ ಬೇಕು: 4294967297ರ ಅಪವರ್ತನಗಳಲ್ಲಿ 64 ಸಾಲದೆ 128 ಏಕೆ ಬರುತ್ತದೆ?

ಎಲ್ಲರಿಗೂ ನಮಸ್ಕಾರ. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ 4294967297 ಅವಿಭಾಜ್ಯವೆಂದು ಗಣಿತಜ್ಞ ಫರ್ಮಾ ನಂಬಿದ್ದರೂ, ಅದು 641 × 6700417 ಎಂದು ಆಯ್ಲರ್ 1732ರಲ್ಲಿ ತೋರಿಸಿದರು.

ಇದನ್ನು ಭಾಗಿಸುವ ಅವಿಭಾಜ್ಯವೊಂದನ್ನು ‘ಪ’ ಎಂದುಕೊಂಡರೆ, ‘ಪ’ದಿಂದ ಭಾಗಿಸಿದಾಗ 2ರ 32ನೇ ಘಾತದ ಶೇಷ −1, 64ನೇ ಘಾತದ ಶೇಷ 1, ಅದಕ್ಕಿಂತ ಕಿರಿಯ ಯಾವ ಘಾತಕ್ಕೂ 1 ಬಾರದು, ಆದ್ದರಿಂದ ಫರ್ಮಾನ ಕಿರು ಪ್ರಮೇಯದಂತೆ (2ರ ಪ − 1ನೇ ಘಾತದ ಶೇಷ ಯಾವಾಗಲೂ 1) ಪ − 1 ಎಂಬುದು 64ರಿಂದ ಭಾಗವಾಗಲೇಬೇಕು. ಇಲ್ಲಿಯವರೆಗೆ ತೊಡಕಿಲ್ಲ.

6700417 ಅವಿಭಾಜ್ಯವೇ ಎಂದು ಕೈಲೆಕ್ಕದಲ್ಲಿ ಪರೀಕ್ಷಿಸಲು ಅದರ ವರ್ಗಮೂಲದವರೆಗೆ, ಅಂದರೆ 2588ರವರೆಗೆ, ಈ ನಿಯಮದಂತೆ 11 ಅವಿಭಾಜ್ಯಗಳು ಸಿಕ್ಕವು. ಆದರೆ ಫ್ರೆಂಚ್ ಗಣಿತಜ್ಞ ಲೂಕಾ ಬಿಗಿಗೊಳಿಸಿದ ನಿಯಮದಂತೆ ಪ − 1 ಎಂಬುದು 128ರಿಂದಲೇ ಭಾಗವಾಗಬೇಕಂತೆ. ಆಗ 257, 641, 769, 1153, 1409 ಎಂಬ ಐದೇ ಉಳಿಯುತ್ತವೆ. ಐದರಿಂದಲೂ ಭಾಗಿಸಿದೆ, ಪ್ರತಿ ಸಲವೂ ಶೇಷ ಉಳಿಯಿತು. (641ರಿಂದ ಭಾಗಿಸಿದಾಗ ಉಳಿದದ್ದು 44, ಎರಡು ಸಲ ಕೂತು ಸರಿನೋಡಿದ್ದೇನೆ.)

‘ಪ’ದ ಲೆಕ್ಕದಲ್ಲಿ, ಅಂದರೆ ‘ಪ’ದಿಂದ ಭಾಗಿಸಿದಾಗಿನ ಶೇಷಗಳನ್ನಷ್ಟೇ ನೋಡಿದಾಗ, 2 ಯಾವುದೋ ಸಂಖ್ಯೆಯ ವರ್ಗವಾಗಿದ್ದರೆ 128 ತಾನಾಗಿ ಬರುತ್ತದೆ ಎಂಬುದು ತಿಳಿಯಿತು. ಆ ವರ್ಗಮೂಲ ಇದ್ದೇ ಇರುತ್ತದೆ ಎಂಬಲ್ಲಿ ನಾನು ಸಿಕ್ಕಿಕೊಂಡಿದ್ದೇನೆ. ದೊಡ್ಡ ಪ್ರಮೇಯಗಳ ನೆರವಿಲ್ಲದೆ, 2ರ ಘಾತಗಳನ್ನೇ ಬಳಸಿ ಅಂಥ ಸಂಖ್ಯೆಯೊಂದನ್ನು ನೇರವಾಗಿ ಬರೆದು ತೋರಿಸಲು ಸಾಧ್ಯವೇ?