‘ಆಲ್ಬಮ್’ಗೆ ಕನ್ನಡದಲ್ಲಿ ಏನೆನ್ನಬೇಕು: ಧ್ವನಿಸುರುಳಿ, ಗೀತಗುಚ್ಛ, ಹಾಡುಗಬ್ಬ?

ಮಾನ್ಯರೇ,

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ 1973ರ ಮಾರ್ಚ್‌ನಲ್ಲಿ ಹೊರತಂದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಈ ಕೃತಿಯನ್ನು ಯಾವ ಪದದಿಂದ ಕರೆಯಬೇಕೆಂಬ ಪ್ರಶ್ನೆ ಮೊದಲ ವಾಕ್ಯದಲ್ಲಿಯೇ ಎದುರಾಯಿತು. ‘ಆಲ್ಬಮ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆ ಪದದ ಬಗ್ಗೆ ನನಗೆ ತಕರಾರಿಲ್ಲ. ಆದರೂ ನಮ್ಮಲ್ಲಿ ಈಗಾಗಲೇ ಬಳಕೆಯಲ್ಲಿರುವ ಪದಗಳನ್ನು ಇದಕ್ಕೆ ಹಚ್ಚಿ ನೋಡದೆ ಬಿಟ್ಟುಬಿಡಲು ಮನಸ್ಸೊಪ್ಪುತ್ತಿಲ್ಲ.

ಧ್ವನಿಮುದ್ರಿಕೆ, ಧ್ವನಿಸುರುಳಿ, ಧ್ವನಿಸಾಂದ್ರಿಕೆ ಎಂಬ ಮೂರೂ ಪದಗಳು ಹಾಡು ಅಡಕವಾಗಿರುವ ವಸ್ತುವನ್ನು ನೋಡಿ ಹುಟ್ಟಿದವು ಅಥವಾ ಅದಕ್ಕೆ ಅಂಟಿಕೊಂಡವು. ಮೊದಲನೆಯದು ಗ್ರಾಮಫೋನ್ ತಟ್ಟೆಯನ್ನೂ, ಎರಡನೆಯದು ಕ್ಯಾಸೆಟ್ಟನ್ನೂ, ಮೂರನೆಯದು ಸಿ.ಡಿ.ಯನ್ನೂ ನೆನಪಿಗೆ ತರುತ್ತದೆ. ಸುರುಳಿಯೇ ಇಲ್ಲದ ಈ ಕಾಲದಲ್ಲಿಯೂ ಚಿತ್ರರಂಗದಲ್ಲಿ ‘ಧ್ವನಿಸುರುಳಿ ಬಿಡುಗಡೆ’ ಸಮಾರಂಭ ನಡೆಯುವುದರಿಂದ ಪದದ ಅರ್ಥ ಹಿಗ್ಗಿದೆಯೆಂದು ವಾದಿಸಬಹುದು. ಆದರೆ ತಟ್ಟೆಯಾಗಿ ಹೊರಬಂದು, ಕ್ಯಾಸೆಟ್ಟಾಗಿ, 1980ರ ದಶಕದಲ್ಲಿ ಸಿ.ಡಿ.ಯಾಗಿ, ಈಗ ಮೊಬೈಲಿನಲ್ಲಿ ಕೇಳಿಸುತ್ತಿರುವ ಒಂದೇ ಕೃತಿಗೆ ‘1973ರ ಧ್ವನಿಸುರುಳಿ’ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ.

ಇನ್ನು ‘ಗೀತಗುಚ್ಛ’. ಬೇರೆ ಬೇರೆ ಕಡೆ ಅರಳಿದ ಹಾಡುಗಳನ್ನು ಕೂಡಿಸಿ ಕಟ್ಟಿದ್ದು ಎಂಬ ಧ್ವನಿ ಈ ಪದಕ್ಕಿದೆ. ಭಾವಗೀತೆಗಳ ಎಷ್ಟೋ ಸಂಕಲನಗಳಿಗೆ ಇದು ಸೊಗಸಾಗಿ ಒಪ್ಪುತ್ತದೆ, ಇಲ್ಲಿ ಮಾತ್ರ ಸೋಲುತ್ತದೆ. ಈ ಕೃತಿಯ ಹತ್ತು ಭಾಗಗಳೂ ಸುಮಾರು 43 ನಿಮಿಷಗಳ ಒಂದೇ ಹರಿವಿನಂತೆ ರಚಿತವಾಗಿವೆ. ತಟ್ಟೆಯನ್ನು ಮಗುಚಬೇಕಾದ ಜಾಗವೊಂದನ್ನು ಬಿಟ್ಟರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತೆಂದು ಕಿವಿಗೆ ಸ್ಪಷ್ಟವಾಗಿ ಹೇಳುವ ಮೌನ ಹೆಚ್ಚು ಕಡಿಮೆ ಎಲ್ಲಿಯೂ ಇಲ್ಲ. ಎದೆಬಡಿತದಿಂದ ಮೊದಲಾಗಿ ಎದೆಬಡಿತದಲ್ಲಿಯೇ ಮುಗಿಯುವ ಇದರಲ್ಲಿ ಕಾಲ, ಹಣ, ಸಾವು, ಬುದ್ಧಿಭ್ರಮಣೆ ಒಂದರಿಂದೊಂದಕ್ಕೆ ಸಾಗುತ್ತವೆ. ಗಡಿಯಾರಗಳ ಗಂಟೆ, ಗಲ್ಲಾಪೆಟ್ಟಿಗೆಯ ಸದ್ದು, ಯಾರದೋ ನಗು ಇವೆಲ್ಲ ರಚನೆಯ ಅಂಗಗಳೇ ಆಗಿವೆ. ಹಾಡುಗಳ ಸಾಹಿತ್ಯವನ್ನೆಲ್ಲ ತಂಡದ ಸದಸ್ಯ ರೋಜರ್ ವಾಟರ್ಸ್ ಒಬ್ಬರೇ ಬರೆದದ್ದು ಈ ಒಗ್ಗಟ್ಟಿಗೆ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. ಧ್ವನಿಮುದ್ರಣ ನಡೆದದ್ದು ಲಂಡನ್ನಿನ ಅಬೇ ರೋಡ್‌ನ ಸ್ಟುಡಿಯೋದಲ್ಲಿ, ಅಲನ್ ಪಾರ್ಸನ್ಸ್ ಅವರ ತಾಂತ್ರಿಕ ನೆರವಿನಿಂದ. ಆದರೆ ಅದು ಪೂರ್ಣಗೊಳ್ಳುವ ಮೊದಲೇ, 1972ರಲ್ಲಿ, ತಂಡವು ಈ ರಚನೆಯ ಮೊದಲ ರೂಪವನ್ನು ವೇದಿಕೆಯ ಮೇಲೆ ಇಡಿಯಾಗಿ ನುಡಿಸುತ್ತಿತ್ತು. ಆದ್ದರಿಂದ ‘ಸ್ಟುಡಿಯೋ ಆಲ್ಬಮ್’ ಎಂಬ ಮಾತು ಕೂಡ ಇದರ ಹುಟ್ಟನ್ನು ಅರ್ಧದಷ್ಟೇ ಹೇಳುತ್ತದೆ.

ನಂತರದ ಕಾಲವೂ ಇದನ್ನು ಒಂದೇ ಕೃತಿಯೆಂದು ಕಂಡಿದೆ, ನನ್ನ ವಾದಕ್ಕೆ ಮುಖ್ಯವಾದ ಆಧಾರ ಇದೇ. ಅಮೆರಿಕದಲ್ಲಿ ಜನಪ್ರಿಯ ಆಲ್ಬಮ್‌ಗಳನ್ನು ವಾರವಾರವೂ ಹೆಸರಿಸುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರ ನಡುವೆ 700ಕ್ಕೂ ಹೆಚ್ಚು ವಾರ ಇದು ಉಳಿದದ್ದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮರುಸೃಷ್ಟಿಗಳ ಸಂಗತಿ. 2003ರಲ್ಲಿ ಈಸಿ ಸ್ಟಾರ್ ಆಲ್‌ಸ್ಟಾರ್ಸ್ ತಂಡ ಇದನ್ನು ಜಮೈಕಾದ ರೆಗೇ ಸಂಗೀತಶೈಲಿಗೆ ತಂದಿತು, 2009ರಲ್ಲಿ ಫ್ಲೇಮಿಂಗ್ ಲಿಪ್ಸ್ ತಂಡ ತನ್ನದೇ ರೀತಿಯಲ್ಲಿ ನುಡಿಸಿತು, 2023ರಲ್ಲಿ ಸ್ವತಃ ವಾಟರ್ಸ್ ಮತ್ತೆ ಧ್ವನಿಮುದ್ರಿಸಿದರು. ಇವರಲ್ಲಿ ಯಾರೂ ಜನಪ್ರಿಯವಾದ ಒಂದೆರಡು ಹಾಡುಗಳನ್ನು ಹೆಕ್ಕಿಕೊಳ್ಳದೆ, ಮೊದಲಿನಿಂದ ಕೊನೆಯವರೆಗೆ ಇಡೀ ಕೃತಿಯನ್ನೇ ಎತ್ತಿಕೊಂಡರು. 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ವಾಟರ್ಸ್ ಅವರನ್ನು ಕೇಳಿದವರು ನಮ್ಮಲ್ಲಿಯೂ ಇರುವುದರಿಂದ ಈ ಕೃತಿ ಕನ್ನಡ ಓದುಗರಿಗೆ ತೀರ ಹೊಸದೇನೂ ಅಲ್ಲ.

ಹೀಗೆ ಹುಡುಕುವಾಗ ಮನಸ್ಸಿಗೆ ಬಂದದ್ದು ಹಳಗನ್ನಡದ ‘ಪಾಡುಗಬ್ಬ’. ಹಾಡುಗಳು ಸೇರಿ ಆಗುವ ಕಾವ್ಯರೂಪವೊಂದಕ್ಕೆ ಎರಡನೆಯ ನಾಗವರ್ಮನ ‘ಕಾವ್ಯಾವಲೋಕನ’ವೆಂಬ ಕಾವ್ಯಶಾಸ್ತ್ರಗ್ರಂಥದಲ್ಲಿ ಈ ಹೆಸರಿದೆ. ಹಾಡುಗಳು ಹಲವು, ಕಬ್ಬ (ಕಾವ್ಯ) ಒಂದು ಎಂಬ ಕಲ್ಪನೆ ಇಲ್ಲಿ ಅಚ್ಚುಕಟ್ಟಾಗಿ ಕೂಡುತ್ತದೆ. ಎಲ್ಲ ಆಲ್ಬಮ್‌ಗಳಿಗೂ ಅಲ್ಲ, ಒಂದೇ ವಿಷಯದ ಸುತ್ತ ಹೆಣೆದವುಗಳಿಗೆ ಮಾತ್ರ ‘ಹಾಡುಗಬ್ಬ’ ಎಂಬ ಹೊಸಗನ್ನಡ ರೂಪವನ್ನು ಬಳಸಬಹುದೆಂದು ನನಗೆ ತೋರುತ್ತದೆ. ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಕಬ್ಬವೆಂದರೆ ಮಾತಿನ ಕಲೆ. ಇಲ್ಲಿಯಾದರೋ ಮಾತೇ ಇಲ್ಲದ ವಾದ್ಯಭಾಗಗಳಿವೆ, ಕ್ಲೇರ್ ಟೋರಿ ಸಾಹಿತ್ಯವಿಲ್ಲದೆ ಬರಿಯ ದನಿಯಿಂದಲೇ ಹಾಡಿದ ಭಾಗವಿದೆ. ಎರಡನೆಯದಾಗಿ, ಶಾಸ್ತ್ರಗ್ರಂಥದಲ್ಲಿ ಗೊತ್ತಾದ ಅರ್ಥವಿರುವ ಪದವನ್ನು ಬೇರೆಡೆಗೆ ಒಯ್ದರೆ ಸಾಹಿತ್ಯಚರಿತ್ರೆ ಓದುವವರಿಗೆ ಗೊಂದಲವಾದೀತು. ಮೊದಲನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ.

ಹಳಗನ್ನಡ ಬಲ್ಲವರು ‘ಪಾಡುಗಬ್ಬ’ದ ಅರ್ಥ ಇಷ್ಟು ಹಿಗ್ಗಬಲ್ಲುದೇ ಎಂಬುದನ್ನು ತಿಳಿಸಬೇಕು. ಸಂಗೀತ ವಿಮರ್ಶೆಯಲ್ಲಿ ಯಾರಾದರೂ ಇದನ್ನಾಗಲಿ, ತಟ್ಟೆ, ಸುರುಳಿಗಳಂಥ ವಸ್ತುವಿನ ಹಂಗಿಲ್ಲದ ಬೇರೊಂದು ಪದವನ್ನಾಗಲಿ ಈಗಾಗಲೇ ಬಳಸಿದ್ದರೆ ಆ ವಾಕ್ಯವನ್ನು ಇದ್ದಂತೆಯೇ ಕಳುಹಿಸಿಕೊಡಬೇಕಾಗಿ ವಿನಂತಿ.