ಫೋರ್ಟಿಗೇಟ್ 60ಇ ಫೈರ್‌ವಾಲ್‌ದು ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ರೀಸೆಟ್ ಮಾಡದೆ ಕನ್ಸೋಲ್‌ನಿಂದ ಒಳಗೆ ಹೋಗಬಹುದಾ?

ಪೀಣ್ಯ_ಪರದಾಟ:
ಎಲ್ರಿಗೂ ನಮಸ್ಕಾರ. ಪೀಣ್ಯದ ಒಂದು ಚಿಕ್ಕ ಫ್ಯಾಕ್ಟರಿಲಿ ಅಕೌಂಟ್ಸ್ ನೋಡ್ಕೋತೀನಿ, ಕಂಪ್ಯೂಟರ್ ಸ್ವಲ್ಪ ಬರತ್ತೆ ಅಂತ ಐಟಿನೂ ನನ್ ತಲೆಗೇ ಕಟ್ಟಿದಾರೆ. ಫೈರ್‌ವಾಲ್ ಹಾಕಿಕೊಟ್ಟ ವೆಂಡರ್ ಆ ಬಿಸಿನೆಸ್ಸೇ ಬಿಟ್ಟಿದಾರೆ, ಫೋನೂ ಎತ್ತಲ್ಲ. ಈಗ ಇಂಟರ್‌ನೆಟ್ ಲೈನ್ ಬೇರೆ ಕಂಪನಿದು ತಗೊಂಡಿದೀವಿ, ಹೊಸ ಸ್ಟ್ಯಾಟಿಕ್ ಐಪಿ ಹಾಕ್ಬೇಕಂದ್ರೆ ಒಳಗೆ ಹೋಗಲೇಬೇಕು. ರೀಸೆಟ್ ಮಾಡ್ಬಿಡಿ ಅಂತಾರೆ ಎಲ್ರೂ, ಆದ್ರೆ ಹೊಸೂರು ಬ್ರಾಂಚಿಗೆ ಜೋಡಿಸೋ ವಿಪಿಎನ್, ಟ್ಯಾಲಿ ಸರ್ವರ್‌ದು ರೂಲ್ಸು ಎಲ್ಲಾ ಅಳಿಸಿಹೋದ್ರೆ ಮತ್ತೆ ಕೂರಿಸೋರ್ಯಾರು? ಕನ್ಸೋಲ್ ಕೇಬಲ್ (ಬಾಕ್ಸಿಗೆ ನೇರ ಕಂಪ್ಯೂಟರ್ ಜೋಡಿಸೋದು) ತಂದು ಹಾಕಿದೆ, ಪುಟ್ಟಿ (PuTTY) ಅನ್ನೋ ಸಾಫ್ಟ್‌ವೇರಲ್ಲಿ ಬರೀ ಚಿತ್ರವಿಚಿತ್ರ ಅಕ್ಷರ ಬರ್ತಿದೆ. ಕಾನ್ಫಿಗ್ (ಸೆಟ್ಟಿಂಗ್ಸ್) ಬ್ಯಾಕಪ್ ಅಂತೂ ನಮ್ಮ ಹತ್ರ ಇಲ್ಲ. ಮಾಲೀಕರು ಮೇಲ್‌ನಲ್ಲೇ ಪರ್ಮಿಷನ್ ಕೊಟ್ಟಿದಾರೆ, ಕಳ್ಳ ವ್ಯವಹಾರ ಏನಲ್ಲ 🙂

ರ‍್ಯಾಕ್_ರಾಯ:
ಅಕ್ಷರ ಹಾಳಾಗಿ ಬರ್ತಿದೆ ಅಂದ್ರೆ ಸ್ಪೀಡ್ ತಪ್ಪಿದೆ ಅಷ್ಟೇ. 9600, ಡೇಟಾ ಬಿಟ್ 8, ಸ್ಟಾಪ್ ಬಿಟ್ 1, ಪ್ಯಾರಿಟಿ None, ಫ್ಲೋ ಕಂಟ್ರೋಲೂ None ಇಡಿ. ಎಂಟರ್ ಒತ್ತಿದ್ರೆ ಲಾಗಿನ್ ಅಂತ ಕೇಳ್ಬೇಕು.

ಆಮೇಲಿನ ಕೆಲಸಕ್ಕೆ ಫೋರ್ಟಿಗೇಟ್‌ನಲ್ಲೇ ಒಂದು ದಾರಿ ಇದೆ, ಮೇಂಟೇನರ್ ಅಂತ ಒಂದು ಅಕೌಂಟು, ಅದು ಕನ್ಸೋಲ್‌ನಲ್ಲಿ ಮಾತ್ರ ನಡೆಯತ್ತೆ, ಅದೂ ಬಾಕ್ಸ್ ಆನ್ ಆದ್ಮೇಲೆ ಸುಮಾರು 60 ಸೆಕೆಂಡ್ ಒಳಗೆ. ಪಾಸ್‌ವರ್ಡ್ ಏನಂದ್ರೆ ಬಿ ಸಿ ಪಿ ಬಿ ನಾಲ್ಕೂ ಸಣ್ಣಕ್ಷರ, ಅದಕ್ಕೆ ಅಂಟಿದಂಗೆ ಸೀರಿಯಲ್ ನಂಬರ್, ಅದರಲ್ಲಿರೋ ಅಕ್ಷರ ಎಲ್ಲಾ ಕ್ಯಾಪಿಟಲ್. ಸೀರಿಯಲ್ ಬಾಕ್ಸಿನ ತಳದಲ್ಲಿ ಅಂಟಿಸಿರ್ತಾರೆ, ಬೂಟ್ ಆಗುವಾಗ ಸ್ಕ್ರೀನಲ್ಲೂ ಬರತ್ತೆ. ಇದನ್ನ ಕೈಯಲ್ಲಿ ಟೈಪ್ ಮಾಡೋಕೆ ಹೋಗ್ಬೇಡಿ, ಮೊದಲೇ ನೋಟ್‌ಪ್ಯಾಡಲ್ಲಿ ಬರೆದಿಟ್ಕೊಂಡು ಪುಟ್ಟಿಲಿ ರೈಟ್ ಕ್ಲಿಕ್ ಮಾಡಿ ಪೇಸ್ಟ್ ಮಾಡಿ. ಮೂರು ಸಲ ತಪ್ಪಾದ್ರೆ ಡೀಫಾಲ್ಟಾಗಿ 60 ಸೆಕೆಂಡ್ ಲಾಕೌಟ್ ಆಗತ್ತೆ, ಅಷ್ಟೊತ್ತಿಗೆ ಟೈಮೇ ಮುಗಿದಿರತ್ತೆ. ರೀಬೂಟ್ ಸಾಲಲ್ಲ, ಪವರ್ ಅಡಾಪ್ಟರ್ ಕಿತ್ತು ಹಾಕ್ಬೇಕು, ಹಾಗಾಗಿ ಎಲ್ರೂ ಮನೆಗೆ ಹೋದ್ಮೇಲೆ ಮಾಡಿ.

ಒಳಗೆ ಹೋದ್ರೆ ಕಾನ್ಫಿಗ್ ಸಿಸ್ಟಮ್ ಅಡ್ಮಿನ್, ಎಡಿಟ್ ಅಡ್ಮಿನ್, ಸೆಟ್ ಪಾಸ್‌ವರ್ಡ್ ಬರೆದು ಹೊಸದು, ಎಂಡ್. ವಿಡಾಮ್ (ಒಂದೇ ಬಾಕ್ಸನ್ನ ಹಲವು ಫೈರ್‌ವಾಲ್ ಥರ ಹಂಚೋದು) ಆನ್ ಇದ್ರೆ ಮೊದಲು ಕಾನ್ಫಿಗ್ ಗ್ಲೋಬಲ್. ರೂಲ್ಸು ವಿಪಿಎನ್ ಒಂದೂ ಹೋಗಲ್ಲ.

ಹುಬ್ಳಿ_ಹಬ್:
ರಾಯರು ಹೇಳಿದ್ದು ಖರೆ ಐತಿ ಆದ್ರ ಅರ್ಧಾ. ಫೋರ್ಟಿಓಎಸ್ (ಈ ಬಾಕ್ಸಿನ ಓಎಸ್) 7.2.4ರಿಂದ ಆ ಮೇಂಟೇನರ್ ಅಕೌಂಟ್ ತಗದ್ ಒಗದಾರ್ರೀ. ಹಳೇ ವರ್ಷನ್ನಿನ್ಯಾಗೂ ಅಡ್ಮಿನ್ ಮೇಂಟೇನರ್ ಡಿಸೇಬಲ್ ಅಂತ ಕೊಟ್ಟು ಬಂದ್ ಮಾಡಿರಬಹುದು. ಮತ್ತ ಬೂಟ್ ಆಗೋವಾಗ ಮೊದಲ ಸಾಲಿನ್ಯಾಗ ಒಂದು ವರ್ಷನ್ ನಂಬರ್ ಬರ್ತದಲ್ಲ, ಅದು ಬಯಾಸ್‌ದು, ಅಂದ್ರ ಬಾಕ್ಸ್ ಚಾಲೂ ಮಾಡೋ ಪ್ರೋಗ್ರಾಮ್‌ದು, ಓಎಸ್‌ದಲ್ಲ. ಅದನ್ನ ನೋಡಿ ನಮ್ದು ಹಳೇದು ಅಂತ ಖುಷಿ ಪಡಬ್ಯಾಡ್ರಿ.

ಮೇಂಟೇನರ್ ಒಳಗ ಬಿಡಲಿಲ್ಲಂದ್ರ ಗಡಿಬಿಡಿಲೆ ಫಾರ್ಮ್ಯಾಟ್ ಕಡೆ ಹೋಗಬ್ಯಾಡ್ರಿ, ಬ್ಯಾಕಪ್ ಇಲ್ಲಂತೀರಿ, ಅದೊಂದು ಕೀ ಒತ್ತಿದ್ರ ಎಲ್ಲಾ ಸ್ವಚ್ಛ. ಇನ್ನೊಂದು ದಾರಿ ಐತಿ. ಈ ಬಾಕ್ಸಿನ್ಯಾಗ ಎರಡು ಪಾರ್ಟಿಷನ್ (ಸ್ಟೋರೇಜಿನ ಭಾಗ) ಇರ್ತಾವ, ಅಪ್‌ಗ್ರೇಡ್ ಮಾಡಿದಾಗ ಹಳೇ ಫರ್ಮ್‌ವೇರು (ಅಂದ್ರ ಓಎಸ್) ಆವಾಗಿನ ಕಾನ್ಫಿಗ್ ಸಮೇತ ಇನ್ನೊಂದರಾಗ ಹಂಗ ಉಳಿತದ. ಬೂಟ್ ಟೈಮಿನ್ಯಾಗ ಯಾವುದಾರ ಒಂದು ಕೀ ಒತ್ರಿ ಅಂತದ, ಒತ್ತಿದ್ರ ಮೆನು, ಅದರಾಗ ಬ್ಯಾಕಪ್ ಫರ್ಮ್‌ವೇರ್‌ಲೆ ಬೂಟ್ ಮಾಡೂದು ಅಂತ ಇರ್ತದ, ಬಿ ಅಕ್ಷರ. ಹಳೇದು 7.2.4ಕ್ಕಿಂತ ಮೊದಲಿಂದಿದ್ರ ಅಲ್ಲಿ ಮೇಂಟೇನರ್ ನಡೀತದ. ಕಾನ್ಫಿಗ್ ಆವತ್ತಿಂದು, ಅಪ್‌ಗ್ರೇಡ್ ಆದಮ್ಯಾಲೆ ಬದಲ್ ಮಾಡಿದ್ದು ಇರಂಗಿಲ್ಲ, ಆದ್ರೂ ನಿಮ್ಮ ವಿಪಿಎನ್ ಅದರಾಗ ಇದ್ರ ಸಾಕಲ್ರೀ.

ಅದೂ ಆಗಲಿಲ್ಲಂದ್ರ ಕಡೀಗೆ ಫಾರ್ಮ್ಯಾಟ್ ಮತ್ತ ಟಿಎಫ್‌ಟಿಪಿಲೆ (ನೆಟ್‌ವರ್ಕ್ ಮ್ಯಾಲೆ ಫೈಲ್ ಕಳಸೂದು) ಹೊಸ ಇಮೇಜು, ಅಂದ್ರ ಫರ್ಮ್‌ವೇರ್ ಫೈಲು. ಇಮೇಜ್ ತಗೋಳಾಕ ಸಪೋರ್ಟ್ ಅಕೌಂಟ್ ಬೇಕಾಗ್ತದ, ಆ ವೆಂಡರ್ ತಮ್ಮ ಹೆಸರಿಗೆ ರಿಜಿಸ್ಟರ್ ಮಾಡಿದ್ರ ಅದೊಂದು ಬ್ಯಾರೆ ತಲಿನೋವು.

ಸುಮ್ನೆ_ಓದೋಳು:
ಒಂದು ಡೌಟು. ಅಂದ್ರೆ ಹಳೇ ವರ್ಷನ್ ಇರೋ ಬಾಕ್ಸ್ ಹತ್ರ ಕೇಬಲ್ ತಗೊಂಡು ಯಾರು ಬಂದ್ರೂ ಒಳಗೆ ಹೋಗ್ಬಹುದಾ?? ನಮ್ಮಾಫೀಸಲ್ಲಿ ಫೈರ್‌ವಾಲ್ ಇರೋದು ರಿಸೆಪ್ಷನ್ ಟೇಬಲ್ ಕೆಳಗೆ.

ರ‍್ಯಾಕ್_ರಾಯ:
@ಸುಮ್ನೆ_ಓದೋಳು ಹೋಗ್ಬಹುದು, ಸೀರಿಯಲ್ ನಂಬರ್ ಅಂತೂ ಬಾಕ್ಸಿನ ಮೇಲೇ ಇರತ್ತಲ್ಲ. ಹೊಸ ವರ್ಷನ್ನಲ್ಲಿ ಮೇಂಟೇನರ್ ತೆಗೆದಿದ್ದು ಒಳ್ಳೇದೇ ಆಯ್ತು ಅಂತ ನನಗನ್ಸತ್ತೆ, ಆದ್ರೆ ಪಾಸ್‌ವರ್ಡ್ ಕಳ್ಕೊಂಡೋರ ಪಾಡು ನಾಯಿಪಾಡು. ಟೇಬಲ್ ಕೆಳಗಿಂದ ತೆಗೆದು ಬೀಗ ಇರೋ ರ‍್ಯಾಕಿಗೆ ಹಾಕಿಸಿ ಮೊದಲು.

ಪೀಣ್ಯ_ಪರದಾಟ:
ಶನಿವಾರ ಸಂಜೆ ಕೂತು ಮಾಡಿದೆ, ಥ್ಯಾಂಕ್ಸ್ ಸರ್! ಪುಟ್ಟಿಲಿ ಸ್ಪೀಡ್ 115200 ಇತ್ತು, 9600 ಮಾಡಿದ ತಕ್ಷಣ ಸರಿಹೋಯ್ತು. ಮೇಂಟೇನರ್ ಕೆಲಸ ಮಾಡ್ತು, ಒಳಗೆ ನೋಡಿದ್ರೆ ವರ್ಷನ್ 6.4. ಆದ್ರೆ ಈಗ ಕನ್ಸೋಲಲ್ಲಿ ಅಡ್ಮಿನ್ ಲಾಗಿನ್ ಆಗತ್ತೆ, ನನ್ ಸಿಸ್ಟಮ್ಮಿಂದ ಬ್ರೌಸರಲ್ಲಿ ಅದೇ ಪಾಸ್‌ವರ್ಡ್ ಹಾಕಿದ್ರೆ ಆಗಲ್ಲ. ಯಾಕೆ?

ಹುಬ್ಳಿ_ಹಬ್:
ಟ್ರಸ್ಟೆಡ್ ಹೋಸ್ಟ್ ಇಟ್ಟಿರಬೇಕ್ರೀ, ವೆಂಡರ್ ತಮ್ಮ ಐಪಿಗಷ್ಟ ಪರ್ಮಿಷನ್ ಕೊಟ್ಕೊಂಡಿರ್ತಾರ. ಕನ್ಸೋಲಿಗೆ ಅದು ಅನ್ವಯ ಆಗಂಗಿಲ್ಲ. ಎಡಿಟ್ ಅಡ್ಮಿನ್ ಒಳಗ ಹೋಗಿ ಶೋ ಹೊಡೀರಿ, ಟ್ರಸ್ಟ್‌ಹೋಸ್ಟ್ ಸಾಲು ಕಂಡ್ರ ನಿಮ್ಮ ಆಫೀಸಿನ ರೇಂಜ್ ಅದರಾಗ ಹಾಕ್ರಿ, ಪೂರಾ ತಗೀಬ್ಯಾಡ್ರಿ. ಮತ್ತ ಬ್ರೌಸರಿನ್ಯಾಗ ಒಳಗ ಹೋದ ಕೂಡಲೆ ಐಪಿ ಮುಟ್ಟೂಕಿಂತ ಮೊದಲ ಕಾನ್ಫಿಗ್ ಬ್ಯಾಕಪ್ ತಗೋರಿ. ಇನ್ನ ಸ್ಟ್ಯಾಟಿಕ್ ಐಪಿ ಬದಲಾತಂದ್ರ ಹೊಸೂರಿನ ಬಾಕ್ಸಿನ್ಯಾಗೂ ರಿಮೋಟ್ ಗೇಟ್‌ವೇ ಅಂತ ಇರೋಕಡೆ ನಿಮ್ಮ ಹೊಸ ಐಪಿ ಹಾಕಬೇಕು, ಇಲ್ಲಾಂದ್ರ ಸೋಮವಾರ ಮುಂಜಾನೆ ವಿಪಿಎನ್ ಟನಲ್ ಡೌನ್. ಅಲ್ಲಿಂದರ ಪಾಸ್‌ವರ್ಡ್ ಐತೇನ್ ನಿಮ್ಮತ್ರ?